ಎರಡನೇ ಸಲ ಆಸ್ಪತ್ರೆಗೆ ಹೋಗದ ಹುಡುಗ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಮಂಜುಗೆ ಹದಿನೇಳು ವರ್ಷ. ಹಾವೇರಿ ಕಡೆಯ ಹಳ್ಳಿಯವನು. ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಸೈನ್ಸ್ ಓದುತ್ತಿದ್ದ. ನಡುರಾತ್ರಿ ಎಚ್ಚರ, ಊಟ ಸೇರದು, ಪುಸ್ತಕ ತೆಗೆದರೆ ಎದೆ ಢವಢವ. ತಲೆನೋವಿನ ಮಾತ್ರೆ, ಕಣ್ಣಿನ ಪರೀಕ್ಷೆ, ಊರಲ್ಲಿ ದೃಷ್ಟಿ ತೆಗೆಸಿದ್ದು ಎಲ್ಲಾ ಆಯ್ತು. ಕೊನೆಗೆ ಲೆಕ್ಚರರ್ ಒಬ್ಬರು ಗಮನಿಸಿ ಆಸ್ಪತ್ರೆಗೆ ಕಳಿಸಿದರು. ವೈದ್ಯರು ಖಿನ್ನತೆ ಎಂದು ಗುರುತಿಸಿ, ಮಾತ್ರೆ ಕೊಟ್ಟು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಅವನು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲೂ ಇಲ್ಲ.

ಮುಂದೆ ನನ್ನ ಹತ್ತಿರ ಬಂದಾಗ ನಾನು ಕೇಳಿದೆ. ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಹೇಳಿದ: "ಓಪಿಡಿ ಮುಂಜಾನೆ ಇರ್ತೈತ್ರಿ ಮೇಡಂ, ಆವಾಗ ಪ್ರಾಕ್ಟಿಕಲ್. ಸೂಟಿ ಬೇಕಂದ್ರ ವಾರ್ಡನ್‌ಗೆ ಕಾರಣ ಹೇಳಬೇಕು. ಎಲ್ಲಾರ ಮುಂದ ಏನಂತ ಹೇಳ್ಲಿ? ಗುಳಿಗಿ ಎಂಟು ದಿನ ತಗೊಂಡೆ. ಏನೂ ಆಗ್ಲಿಲ್ಲ, ಬಿಟ್ಟೆ."

ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಇದಕ್ಕೆ.

ಸಾಯುವ ಯೋಚನೆ ಬರುತ್ತಾ ತಮ್ಮಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನುವುದು ತಪ್ಪು. "ಮಲಗಿದಾವ ಏಳಬಾರ್ದು ಅನಸ್ತೈತ್ರಿ" ಎಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅಲ್ಲೇ ಫೋನಿಗೆ ಹಾಕಿಸಿದೆ. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಅದೇ ವಾರ ವೈದ್ಯರನ್ನು ಮತ್ತೆ ಕಾಣುವ ಏರ್ಪಾಡೂ ಆಯ್ತು.

ಅವನಿಗೆ ಹೇಳಿಯೇ ತಂದೆಯನ್ನು ಕರೆಸಿದೆ. "ಧಾರವಾಡ ದವಾಖಾನಿ ಅಂದ್ರ ಮಂದಿ ಏನಂತಾರ್ರಿ? ನಾಳೆ ಮಗಳ ಮದುವಿ ಆಗಬೇಕು" ಎಂದರು. ಧಾರವಾಡ ದವಾಖಾನೆ ಅಂದರೆ ಜನರಿಗೆ ಅಲ್ಲಿನ ಮಾನಸಿಕ ಆಸ್ಪತ್ರೆಯೇ ನೆನಪಾಗುತ್ತದೆ. ತಂದೆಯ ಭಯ ಸುಳ್ಳಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ ಎಂದು ತಿಳಿಸಿದೆ. ಹೊಲಕ್ಕೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿ ಬೀಗದೊಳಗಿಡಿ, ಮಗ ಊರಿಗೆ ಬಂದಾಗ ಮಾತ್ರೆಯನ್ನು ನೀವೇ ಕೊಡಿ, ಫೋನಿನಲ್ಲಿ ಮಾರ್ಕ್ಸ್ ಕೇಳುವ ಮೊದಲು ಉಂಡ್ಯಾ ಅಂತ ಕೇಳಿ ಎಂದೆ. ವಾರ್ಡನ್‌ಗೆ ಕೊಡುವ ಚೀಟಿಯಲ್ಲಿ 'ಆರೋಗ್ಯ ತಪಾಸಣೆ' ಅಂತ ಬರೆದರೆ ಸಾಕು.

ಮಂಜು ಈಗ ಒಂದಿಷ್ಟು ನಿದ್ದೆ ಮಾಡುತ್ತಿದ್ದಾನೆ. ಆರಾಮ ಅನಿಸಿತು ಅಂತ ಮಾತ್ರೆ ತಾನಾಗಿ ನಿಲ್ಲಿಸಬಾರದು ಎಂದು ಪ್ರತಿ ಸಲ ನೆನಪಿಸುತ್ತೇನೆ.

ಸೇವೆ ನಡೆಸುವವರಲ್ಲಿ ನನ್ನ ಕೋರಿಕೆ ಇದೆ. 10ರಿಂದ 19 ವರ್ಷದವರಿಗೆ ಆರೋಗ್ಯ ಸಲಹೆ ಕೊಡುವ ಸ್ನೇಹ ಕ್ಲಿನಿಕ್‌ಗಳಿವೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ನಡೆಯುವ ಮನೋಚೈತನ್ಯದ ಮಂಗಳವಾರಗಳಿವೆ. ಆದರೆ ಕ್ಲಾಸ್ ಬಿಡದೆ ಬರುವ ಹೊತ್ತು ಬೇಕು, ವಾರಕ್ಕೊಂದು ಸಂಜೆಯಾದರೂ ಸರಿ. ಹೇಳಿದ ದಿನ ಬಾರದ ಮಕ್ಕಳಿಗೆ, ಮೊದಲೇ ಅವರ ಒಪ್ಪಿಗೆ ಪಡೆದು, ಮರುದಿನವೇ ಒಬ್ಬರು ಫೋನ್ ಮಾಡಬೇಕು.