ಓದುಗರ ಪ್ರಶ್ನೆ, ನಮ್ಮ ಉತ್ತರ: ಹೈಡ್ರಾ ವಧೆಯಲ್ಲಿ ಇಯೋಲಾಸ್

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ಗ್ರೀಕ್ ಪುರಾಣದ ಹೈಡ್ರಾ ಎಂಬ ಬಹುತಲೆಯ ಹಾವಿನ ವಧೆಯನ್ನು ಯಕ್ಷಗಾನದ ಧಾಟಿಯಲ್ಲಿ ಆಡಿಸುತ್ತಿದ್ದೇವೆ. ಜೊತೆಗಿರುವ ಇಯೋಲಾಸ್ ಅದನ್ನು ಕೊಲ್ಲುವ ವೀರ ಹೆರಾಕ್ಲಿಸನಿಗೆ ಏನಾಗಬೇಕು? ಕೊಳ್ಳಿ ಹಿಡಿದು ಯಾವಾಗ ಬರಬೇಕು? ಒಂಬತ್ತು ತಲೆ ತೋರಿಸುವುದು ಹೇಗೆ?
(ಶಿಕ್ಷಕಿ, ಬ್ರಹ್ಮಾವರ)

ಉತ್ತರ: ಗೆಳೆಯನೆಂದು ಬರೆಯುವವರಿದ್ದಾರೆ, ಅವನು ತಮ್ಮನ ಮಗ. ಹೆರಾಕ್ಲಿಸ್, ಇಫಿಕ್ಲಿಸ್ ಅವಳಿಗಳು. ಹೆರಾಕ್ಲಿಸ್ ಒಂದು ರಾತ್ರಿಯಷ್ಟು ದೊಡ್ಡವನು, ಹಾಗಾಗಿ ಅರ್ಥ ಹೇಳುವಾಗ ಹುಡುಗ ‘ದೊಡ್ಡಪ್ಪ’ ಎಂದೇ ಕರೆಯಲಿ. ಸಾರಥಿಯೂ ಅವನೇ. ವೇಷಕ್ಕೆ ಅಭಿಮನ್ಯುವಿನ ಕೇದಗೆ ಮುಂದಲೆ ಒಪ್ಪುತ್ತದೆ.

ಕೊಳ್ಳಿ ಮೊದಲೇ ಕೈಯಲ್ಲಿದ್ದರೆ ಪ್ರಸಂಗ ಕೆಟ್ಟಂತೆ. ಲೆರ್ನಾದ ಜೌಗಿಗೆ ರಥ ಬಂದ ಮೇಲೆ ಹೆರಾಕ್ಲಿಸ್ ಬೆಂಕಿಬಾಣ ಬಿಟ್ಟು ಹಾವನ್ನು ಹೊರಗೆಳೆಯುತ್ತಾನೆ. ಗದೆಯಿಂದ ಒಂದು ತಲೆ ಜಜ್ಜಿದರೆ ಎರಡು ಏಳುತ್ತವೆ. ಅಷ್ಟರಲ್ಲಿ ದೊಡ್ಡ ಏಡಿಯೊಂದು ಕಾಲು ಕಚ್ಚುತ್ತದೆ. ಅದನ್ನು ಕೊಂದ ಮೇಲೆಯೇ ಸಾರಥಿಯನ್ನು ಕೂಗುವುದು. ಸಮಯ ಸಾಲದೆಂದು ಏಡಿಯನ್ನು ಕೈಬಿಡಬೇಡಿ. ಹಾವಿಗೆ ಜೊತೆಯೊಂದು ಬಂತು, ಆದ್ದರಿಂದ ಇವನೂ ಒಬ್ಬನನ್ನು ಕರೆದ, ನ್ಯಾಯ ಅಲ್ಲಿದೆ. ಇಯೋಲಾಸ್ ಪಕ್ಕದ ಕಾಡಿಗೆ ಬೆಂಕಿಯಿಟ್ಟು, ಉರಿಯುವ ಕೊಳ್ಳಿಯಿಂದ ಕತ್ತಿನ ಬುಡ ಸುಡುತ್ತಾನೆ. ಸುಟ್ಟ ಬುಡ ಮತ್ತೆ ಚಿಗುರದು. ಹುಡುಗ ಉತ್ಸಾಹದಲ್ಲಿ ತಾನೇ ತಲೆ ಕಡಿಯದಂತೆ ನೋಡಿಕೊಳ್ಳಿ, ಪೆಟ್ಟು ದೊಡ್ಡಪ್ಪನದು.

ತಲೆಗಳಿಗೆ ಒಂಬತ್ತು ಮಕ್ಕಳು ಸಾಕು. ಮುಂದೆ ನಾಲ್ವರು, ಎರಡೂ ಕೈಗೆ ಹಸಿರು ತೋಳುಚೀಲ: ಎಂಟು ತಲೆ. ನಡುವೆ ಒಬ್ಬ, ಸಾವಿಲ್ಲದ ತಲೆ. ಹಿಂದೆ ಇನ್ನು ನಾಲ್ವರು ಅದೇ ತೋಳುಚೀಲ ತೊಟ್ಟು ಕುಕ್ಕರುಗಾಲಲ್ಲಿ. ಪ್ರತಿ ಪೆಟ್ಟಿಗೆ ಮುಂದಿನ ಒಂದು ಕೈ ಇಳಿಯಬೇಕು, ಹಿಂದಿನ ಒಬ್ಬ ಎರಡೂ ಕೈ ಎತ್ತಬೇಕು. ನಾಲ್ಕು ಪೆಟ್ಟಿಗೆ ಒಂಬತ್ತು ಹೋಗಿ ಹದಿಮೂರು. ಐದನೆಯದಕ್ಕೆ ಏಳಲು ಕೈಗಳಿಲ್ಲ. ಚಂಡೆಯವರಿಗೆ ಈ ಲೆಕ್ಕ ಮೊದಲೇ ತಿಳಿಸಿ. ಅಭ್ಯಾಸದಲ್ಲಿ ಎಡವಟ್ಟಾಗುವುದು ಇಲ್ಲೇ, ಕೊಳ್ಳಿ ತಾಗಿದ ಕೈಯೂ ರೂಢಿಬಲದಿಂದ ಮೇಲೇಳುತ್ತದೆ. ಕೊನೆಗೆ ನಡುವಿನ ತಲೆಯನ್ನು ಕಡಿದು ದಾರಿ ಬದಿಯಲ್ಲಿ ಹೂತು ಮೇಲೆ ಬಂಡೆಯಿಡಬೇಕು, ಅದನ್ನು ಸುಡುವಂತಿಲ್ಲ.

ದೊಂದಿ, ರಾಳದ ಪುಡಿ ಮಕ್ಕಳ ಕೈಗೆ ಬೇಡವೇ ಬೇಡ. ತೋಳುಚೀಲದ ಬಟ್ಟೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಟಾರ್ಚಿಗೆ ಕಿತ್ತಳೆ ಬಣ್ಣದ ಜಿಲೆಟಿನ್ ಕಾಗದ ಸುತ್ತಿದರಾಯಿತು.

ಪ್ರಶ್ನೆ: ಹೈಡ್ರಾ ವಧೆ ಹೆರಾಕ್ಲಿಸನ ಲೆಕ್ಕಕ್ಕೆ ಬರಲಿಲ್ಲವಂತೆ, ಹೌದೇ?
(ಓದುಗರು, ಸುರತ್ಕಲ್)

ಉತ್ತರ: ಹೌದು. ಹೆರಾಕ್ಲಿಸ್ ಮಾಡಬೇಕೆಂದು ವಿಧಿಸಿದ್ದು ಹತ್ತೇ ಕೆಲಸ. ಇಯೋಲಾಸ್ ನೆರವಾದನೆಂದು ಇದನ್ನೂ, ಹೆರಾಕ್ಲಿಸ್ ಕೂಲಿ ಕೇಳಿದನೆಂದು ಔಜಿಯಸನ ಕೊಟ್ಟಿಗೆ ತೊಳೆದದ್ದನ್ನೂ ಕೆಲಸ ಹೇರಿದ ರಾಜ ಯೂರಿಸ್ತಿಯಸ್ ಒಪ್ಪಲಿಲ್ಲ; ಹಾಗೆ ಇನ್ನೆರಡು ಸೇರಿ ಹನ್ನೆರಡಾಯಿತು. ದೊಡ್ಡಪ್ಪ ಸತ್ತ ಮೇಲೆ ಅವನ ಮಕ್ಕಳನ್ನು ಅದೇ ರಾಜನಿಂದ ಕಾಯ್ದವನೂ ಇಯೋಲಾಸನೇ, ಆಗ ಹಣ್ಣು ಮುದುಕ. ಯೂರಿಪಿಡಿಸನ ನಾಟಕದಲ್ಲಿ ಅವನು ಒಂದು ದಿನದ ಮಟ್ಟಿಗೆ ಯೌವನ ಬೇಡಿ ಪಡೆದು, ರಥದಲ್ಲಿ ಅಟ್ಟಿಸಿಕೊಂಡು ಹೋಗಿ ರಾಜನನ್ನು ಜೀವಂತ ಹಿಡಿಯುತ್ತಾನೆ. ಇದನ್ನೂ ಆಡಿಸುವುದಾದರೆ ಪಾತ್ರಧಾರಿ ಬದಲಾಗುವುದು ಬೇಡ, ತೆರೆಯ ಹಿಂದೆ ಬಿಳಿ ಗಡ್ಡ ಬಿಚ್ಚಿದರೆ ಸಾಕು.