ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಲಿವರ್ ಹಿಡಿದಿದ್ದರೂ ಫಸ್ಟ್ ಗೇರಿಗೆ ಬೈಕ್ ಜಿಗಿದು ಆಫ್ ಆಗುತ್ತಿದೆ, ಏಕೆ?

ಲಿವರ್ ಹಿಡಿದರೂ ಪ್ಲೇಟುಗಳು ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ, ಅಷ್ಟೇ. ಇಂಜಿನ್ ಬಿಚ್ಚುವ ಮೊದಲು ಕೇಬಲ್ ನೋಡಿ. ಲಿವರ್ ತುದಿಯಲ್ಲಿ ಹೆಚ್ಚಿನ ಬೈಕುಗಳಿಗೆ 10ರಿಂದ 15 ಮಿ.ಮೀ. ಆಟ ಸಾಕು, ಅದಕ್ಕಿಂತ ಸಡಿಲವಿದ್ದರೆ ಕ್ಲಚ್ ಅರ್ಧ ಮಾತ್ರ ಬಿಡುತ್ತದೆ.

ಕೇಬಲ್ ಸರಿಯಿದ್ದರೆ ಒಂದು ಪ್ರಶ್ನೆ: ಹೊಸ ಫ್ರಿಕ್ಷನ್ ಪ್ಲೇಟುಗಳನ್ನು (ಹಿಡಿತದ ಪದರವಿರುವವು) ಆಯಿಲ್‌ನಲ್ಲಿ ನೆನೆಸಿದ್ದಿರಾ? ಒಣಗಿದ್ದನ್ನೇ ಹಾಕಿದರೆ ನಡುನಡುವೆ ಬರುವ ಸ್ಟೀಲ್ ಪ್ಲೇಟಿಗೆ ಕಚ್ಚಿಕೊಳ್ಳುತ್ತವೆ. ಕೆಲವು ಗಂಟೆಯಾದರೂ ಇಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಬೇಕು. ಅವಸರದಲ್ಲಿ ನಾನೂ ಒಮ್ಮೆ ಒಣ ಪ್ಲೇಟು ಹಾಕಿ, ಭಾನುವಾರವಿಡೀ ಮತ್ತೆ ಬಿಚ್ಚುತ್ತಾ ಕೂತಿದ್ದೆ.

ಇದೂ ಅಲ್ಲವೆಂದರೆ ಕವರ್ ತೆಗೆಯಲೇಬೇಕು. ಪ್ರೆಶರ್ ಪ್ಲೇಟಿನ (ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವುದು) ಹಲ್ಲು ಕ್ಲಚ್‌ನ ನಡುಭಾಗವಾದ ಹಬ್‌ನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ, ಫ್ರಿಕ್ಷನ್ ಮತ್ತು ಸ್ಟೀಲ್ ಪ್ಲೇಟುಗಳು ಒಂದಾದ ಮೇಲೊಂದು ಬಂದಿವೆಯೇ, ಸೊಟ್ಟಗಾದ ಸ್ಟೀಲ್ ಪ್ಲೇಟು ಸೇರಿದೆಯೇ ನೋಡಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟರೆ ಸೊಟ್ಟ ತಕ್ಷಣ ಗೊತ್ತಾಗುತ್ತದೆ. ಲಿವರ್ ಹಿಡಿದಾಗ ಪ್ರೆಶರ್ ಪ್ಲೇಟನ್ನು ಸರಿಸುವ ಪುಶ್ ರಾಡ್, ಅದರ ಬೇರಿಂಗ್ ಮರೆತು ಟೇಬಲ್ ಮೇಲೇ ಉಳಿದಿರುವುದೂ ಉಂಟು! ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಬಿಗಿದರೆ ಪ್ರೆಶರ್ ಪ್ಲೇಟು ಓರೆಯಾಗುತ್ತದೆ.