ಅಮೆರಿಕದ ನೆಬ್ರಾಸ್ಕ ರಾಜ್ಯದ ಮರವೇ ಇಲ್ಲದ ಬಯಲಿನಲ್ಲಿ 1870ರ ದಶಕದ ಐರಿಶ್ ವಲಸಿಗರು ಮನೆ ಕಟ್ಟಿದ್ದು ಯಾವುದರಿಂದ?

ಹುಲ್ಲಿನ ಬೇರು ಹೆಣೆದುಕೊಂಡ ನೆಲದ ಮೇಲ್ಪದರದಿಂದ. ಇದೇ ಸಾಡ್ ಹೌಸ್. 1874ರಲ್ಲಿ ಐರಿಶ್ ಮೂಲದ ನಾಯಕ ಜಾನ್ ಓನೀಲ್ ಅಲ್ಲಿಗೆ ಕರೆತಂದ ಐರಿಶರಿಗೂ ಮೊದಲ ಆಸರೆ ಇಂಥದ್ದೇ.

ನೆಲ ಹಸಿಯಿದ್ದಾಗ ವಿಶೇಷ ನೇಗಿಲಿನಿಂದ ಸುಮಾರು 4 ಇಂಚು ದಪ್ಪ, 1 ಅಡಿ ಅಗಲದ ಪಟ್ಟಿ ಸೀಳಿ, 3 ಅಡಿಗೊಂದರಂತೆ ಸನಿಕೆಯಿಂದ ತುಂಡು ಮಾಡುತ್ತಿದ್ದರು. ಆ ದಿನ ಜೋಡಿಸುವಷ್ಟನ್ನೇ ಕೀಳಬೇಕು, ಒಣಗಿದರೆ ಪುಡಿಯಾಗುತ್ತದೆ. ಹುಲ್ಲಿನ ಮುಖ ಕೆಳಗೆ. ಸಂದು ಸಂದಿನ ಮೇಲೆ ಬೀಳಬಾರದು. ಗೋಡೆ ಎರಡು-ಮೂರು ಹೆಂಟೆ ದಪ್ಪ, ಕೆಲವು ಸಾಲಿಗೊಮ್ಮೆ ಅಡ್ಡ ಹೆಂಟೆ. ಒಣಗುತ್ತಾ ಗೋಡೆ ಕೆಳಕ್ಕೆ ಕೂರುವುದರಿಂದ ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿಬಟ್ಟೆಯೋ ಹುಲ್ಲೋ ತುರುಕಬೇಕು. ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗಿ ಗಾಜು ಒಡೆಯುತ್ತದೆ.

ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ, ನಿಜ. ತಾಪತ್ರಯವೆಲ್ಲ ಹೆಂಟೆಯನ್ನೇ ಹೊದಿಸಿದ ಚಾವಣಿಯದ್ದು: ಮಳೆ ನಿಂತ ಮೇಲೂ ಕೆಸರು ತೊಟ್ಟಿಕ್ಕುತ್ತಿತ್ತು, ಒಮ್ಮೊಮ್ಮೆ ಹಾವೂ ಬೀಳುತ್ತಿತ್ತು. ಅದಕ್ಕೇ ಒಳಗೆ ಮಸ್ಲಿನ್ ಬಟ್ಟೆ ಕಟ್ಟುತ್ತಿದ್ದರು. ನೆನೆದ ಭಾರಕ್ಕೆ ತೊಲೆ ಮುರಿಯುವುದೂ ಇತ್ತು.

ಜಮೀನು, ನೆಲೆಸುವವರಿಗೆ ಸರ್ಕಾರಿ ನೆಲ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯದು: 160 ಎಕರೆ, ಷರತ್ತು 5 ವರ್ಷ ವಾಸ ಮತ್ತು ಸಾಗುವಳಿ. ಪೌರರಾಗುವ ಉದ್ದೇಶ ಘೋಷಿಸಿದರೆ ವಲಸಿಗರೂ ಅರ್ಜಿ ಹಾಕಬಹುದಿತ್ತು. ಪಟ್ಟಾ ಕೈಗೆ ಬರಲು ಮಾತ್ರ ಪೌರತ್ವ ಬೇಕೇ ಬೇಕಿತ್ತು.